ಅಯೋವಾದ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್: ಜನ ಸೇರಿದ್ದು ಹೇಗೆ?

ಅಮೆರಿಕದ ನಡುಭಾಗದಲ್ಲಿರುವ ಅಯೋವಾ ಮುಸುಕಿನ ಜೋಳ ಬೆಳೆಯುವ ರಾಜ್ಯ. ಅಲ್ಲಿನ ಅಯೋವಾ ವಿಶ್ವವಿದ್ಯಾಲಯದ ತಂಡಗಳಿಗೆ ಹಾಕ್‌ಐಸ್ ಎಂದು ಹೆಸರು. 2023ರ ಅಕ್ಟೋಬರ್ 15ರಂದು ಅದರ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಫುಟ್‌ಬಾಲ್ ಕ್ರೀಡಾಂಗಣದೊಳಗೆ ಅಂಕಣ ಹಾಕಿಸಿ, ಡಿಪಾಲ್ ವಿಶ್ವವಿದ್ಯಾಲಯದ ವಿರುದ್ಧ ಪ್ರದರ್ಶನ ಪಂದ್ಯ ಆಡಿತು. ನೋಡಲು ಬಂದವರು 55,646 ಮಂದಿ. ಮಹಿಳಾ ಬಾಸ್ಕೆಟ್‌ಬಾಲಿಗೆ ಅದು ದಾಖಲೆ. ಕೇಟ್ಲಿನ್ ಕ್ಲಾರ್ಕ್ ಎಂಬ ಒಬ್ಬ ಆಟಗಾರ್ತಿಯಿಂದಲೇ ಇಷ್ಟೆಲ್ಲ ಆಯಿತು ಎನ್ನುವುದುಂಟು. ಅದು ಅರ್ಧ ನಿಜ. ಉಳಿದರ್ಧ ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಸಣ್ಣ ಊರುಗಳ ಹಟ

ಅಯೋವಾದ ಪ್ರೌಢಶಾಲಾ ಬಾಲಕಿಯರ ರಾಜ್ಯಮಟ್ಟದ ಪಂದ್ಯಾವಳಿ 1920ರಲ್ಲೇ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ, ಹುಡುಗಿಯರು ಜನರೆದುರು ಸ್ಪರ್ಧೆಗಿಳಿಯುವುದು ಸರಿಯಲ್ಲ ಎಂಬ ಮಾತು ಬಂದು, ದೊಡ್ಡ ಪಟ್ಟಣಗಳ ಶಾಲೆಗಳು ಆಟ ನಿಲ್ಲಿಸಿದವು. ಸಣ್ಣ ಊರುಗಳ ಶಾಲೆಯವರು ಒಪ್ಪಲಿಲ್ಲ. ತಮ್ಮದೇ ಪ್ರತ್ಯೇಕ ಸಂಘಟನೆ ಕಟ್ಟಿಕೊಂಡು ಆಟ ಮುಂದುವರಿಸಿದರು.

ಅಲ್ಲಿ ತಂಡಕ್ಕೆ ಆರು ಮಂದಿ. ಮೂವರು ಬುಟ್ಟಿಗೆ ಚೆಂಡು ಹಾಕುವವರು, ಮೂವರು ತಡೆಯುವವರು. ಯಾರೂ ಅಂಕಣದ ನಡುಗೆರೆ ದಾಟುವಂತಿಲ್ಲ, ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ತಡೆಯುವವರಿಗೆ ಅಂಕ ಗಳಿಸುವ ಅವಕಾಶವೇ ಇರಲಿಲ್ಲ. ಈ ಕೊರತೆಯ ನಡುವೆಯೂ ಊರಿಗೆ ಊರೇ ಪಂದ್ಯಕ್ಕೆ ಬರುತ್ತಿತ್ತು. 1993ರಲ್ಲಿ ಆರು ಮಂದಿಯ ಆಟ ಪೂರ್ತಿ ನಿಂತು, ಎಲ್ಲೆಡೆಯಂತೆ ಐವರ ಆಟ ಉಳಿಯಿತು. ಆದರೆ ಹುಡುಗಿಯರ ಆಟ ನೋಡುವ ರೂಢಿ ಹೋಗಲಿಲ್ಲ.

ಕಾಲೇಜಿಗೆ ಬಂದ ಆಟ

ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲಿ ಬಂತು. ಮರುವರ್ಷ ಕ್ರಿಸ್ಟೀನ್ ಗ್ರಾಂಟ್ ಅಯೋವಾ ವಿಶ್ವವಿದ್ಯಾಲಯದ ಮಹಿಳಾ ಕ್ರೀಡಾ ವಿಭಾಗದ ನಿರ್ದೇಶಕಿಯಾದರು. 1983ರಲ್ಲಿ ವಿವಿಯನ್ ಸ್ಟ್ರಿಂಗರ್ ತರಬೇತುದಾರರಾಗಿ ಬಂದರು. 1985ರ ಫೆಬ್ರವರಿಯಲ್ಲಿ ಒಹಾಯೊ ಸ್ಟೇಟ್ ವಿರುದ್ಧದ ಪಂದ್ಯಕ್ಕೆ 22,157 ಜನ ನುಗ್ಗಿದರು. ಒಳಾಂಗಣದಲ್ಲಿ ಅಷ್ಟು ಆಸನಗಳೇ ಇರಲಿಲ್ಲ! 1993ರಲ್ಲಿ ತಂಡ ಮೊದಲ ಬಾರಿ ರಾಷ್ಟ್ರೀಯ ಸೆಮಿಫೈನಲ್ ತಲುಪಿತು. ಮತ್ತೆ ಅಲ್ಲಿಗೆ ಹೋಗಲು ಮೂವತ್ತು ವರ್ಷ ಬೇಕಾಯಿತು.

22ನೇ ಸಂಖ್ಯೆಯ ಅಂಗಿ

ಕ್ಲಾರ್ಕ್ ಅದೇ ರಾಜ್ಯದ ವೆಸ್ಟ್ ಡಿಮೊಯ್ನ್ ಊರಿನವರು. 2020ರಲ್ಲಿ ತರಬೇತುದಾರರಾದ ಲೀಸಾ ಬ್ಲೂಡರ್ ಅವರ ತಂಡ ಸೇರಿ, ನಾಲ್ಕು ವರ್ಷಗಳಲ್ಲಿ 3,951 ಅಂಕ ಗಳಿಸಿದರು. 2024ರ ಮಾರ್ಚ್ 3ರಂದು ಪೀಟ್ ಮರಾವಿಚ್ ಅವರ 3,667 ಅಂಕಗಳ ಪುರುಷರ ದಾಖಲೆಯನ್ನೂ ಹಿಂದೆ ಹಾಕಿದರು.

ತಂಡಕ್ಕೆ ಪ್ರಶಸ್ತಿ ಮಾತ್ರ ಸಿಗಲಿಲ್ಲ. 2023ರ ಫೈನಲ್‌ನಲ್ಲಿ ಲೂಸಿಯಾನ ಸ್ಟೇಟ್ ಎದುರು 102-85ರಿಂದ, 2024ರಲ್ಲಿ ಸೌತ್ ಕೆರೊಲಿನಾ ಎದುರು 87-75ರಿಂದ ಸೋತರು. ಆದರೆ 2024ರ ಆ ಫೈನಲನ್ನು ಟಿವಿಯಲ್ಲಿ ನೋಡಿದವರು ಸರಾಸರಿ ಸುಮಾರು 1.89 ಕೋಟಿ. ಪುರುಷರ ಫೈನಲ್‌ಗೆ ಸುಮಾರು 1.48 ಕೋಟಿ. ವೀಕ್ಷಕರ ಸಂಖ್ಯೆಯಲ್ಲಿ ಮಹಿಳೆಯರ ಫೈನಲ್ ಪುರುಷರದನ್ನು ಮೀರಿಸಿದ್ದು ಅದೇ ಮೊದಲು.

ಆ ವರ್ಷ ಕ್ಲಾರ್ಕ್ ವೃತ್ತಿಪರ ಆಟಕ್ಕೆ ಹೋದರು, ಬ್ಲೂಡರ್ ನಿವೃತ್ತರಾದರು. ಹೊಸ ತರಬೇತುದಾರರಾದ ಜಾನ್ ಜೆನ್ಸನ್ ಸಣ್ಣ ಊರಿನ ಆರು ಮಂದಿಯ ಆಟದಲ್ಲೇ ಬೆಳೆದವರು. ಅವರ ಅಜ್ಜಿಯೂ 1920ರ ಆಸುಪಾಸಿನಲ್ಲಿ ಆಡಿದ್ದವರು.

ನಮಗೆ ತೋರುವುದಿಷ್ಟು: ಕ್ಲಾರ್ಕ್ ಬಂದಾಗ ನೋಡಲು ಜನ ಸಿದ್ಧರಿದ್ದರು. ಅವರನ್ನು ಸಿದ್ಧಮಾಡಿದ್ದು, ಹೆಸರು ಯಾರಿಗೂ ಗೊತ್ತಿಲ್ಲದ ಹುಡುಗಿಯರ ಪಂದ್ಯಕ್ಕೂ ತಪ್ಪದೆ ಹೋಗಿ ಕೂತ ಹಳ್ಳಿಯ ಜನ.

ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಶಾಲೆ ಕಾಲೇಜುಗಳ ಹುಡುಗಿಯರ ಪಂದ್ಯವಿದ್ದರೆ, ಕಬಡ್ಡಿಯಾಗಲಿ ಥ್ರೋಬಾಲ್ ಆಗಲಿ, ದಿನಾಂಕ ಮತ್ತು ಸ್ಥಳವನ್ನು ನಮಗೆ ತಿಳಿಸಿ. ಕಾರ್ಯಕ್ರಮಗಳ ಪಟ್ಟಿಯಲ್ಲಿ ಸೇರಿಸುತ್ತೇವೆ. ಆ ದಿನ ತಾವೂ ಮನೆಮಂದಿಯೊಂದಿಗೆ ಹೋಗಿ ಕೂರಬೇಕು.