ಕರೆಂಟ್ ಚಿಕಿತ್ಸೆಯ ಮೊದಲ ರೋಗಿ

ನಮ್ಮ ಜನ ‘ಕರೆಂಟ್ ಕೊಡುವುದು’ ಎಂದು ಅಂಜುತ್ತಲೇ ಹೇಳುವ ಮನೋರೋಗ ಚಿಕಿತ್ಸೆ ಮೊದಲಾದದ್ದು 1938ರ ಏಪ್ರಿಲ್‌ನಲ್ಲಿ, ಇಟಲಿಯ ರೋಮ್ ನಗರದಲ್ಲಿ. ಸೆಳವು ಬರಿಸಿದರೆ ಬುದ್ಧಿವಿಕಲತೆ ಇಳಿಯುತ್ತದೆಂಬುದು ಆಗಿನ ನಂಬಿಕೆ. ಅಲ್ಲಿನ ಕಸಾಯಿಖಾನೆಯಲ್ಲಿ ಹಂದಿಗಳ ತಲೆಗೆ ವಿದ್ಯುತ್ ಹಾಯಿಸಿ ಕೊಯ್ಯುತ್ತಿದ್ದರು. ಅವು ಸಾಯುವುದು ಕತ್ತಿಯಿಂದಲೇ ಹೊರತು ವಿದ್ಯುತ್ತಿನಿಂದಲ್ಲ ಎಂದು ಕಂಡ ವೈದ್ಯ ಉಗೊ ಚೆರ್ಲೆಟ್ಟಿಯವರಿಗೆ ಧೈರ್ಯ ಬಂದಿತು. ಸಹಾಯಕ ಲೂಚಿಯೊ ಬಿನಿ ಯಂತ್ರ ಸಿದ್ಧಪಡಿಸಿದರು.

ರೈಲು ನಿಲ್ದಾಣದಲ್ಲಿ ಅಲೆಯುತ್ತಿದ್ದವನೊಬ್ಬನನ್ನು ಪೊಲೀಸರು ಕರೆತಂದಿದ್ದರು. ಮೊದಲ ಆಘಾತ ಸಾಲದಾಯಿತು. ಮತ್ತೊಂದು ಬೇಡ, ಅದು ಕೊಲ್ಲುತ್ತದೆ ಎಂದು ಆತ ಸ್ಪಷ್ಟವಾಗಿಯೇ ನುಡಿದನೆಂದು ಸ್ವತಃ ಚೆರ್ಲೆಟ್ಟಿ ಬರೆದಿದ್ದಾರೆ. ಆದರೂ ಕೊಟ್ಟರು! ಮುಂದೆ ಆತ ಚೇತರಿಸಿಕೊಂಡದ್ದೂ ನಿಜ.

ತೀವ್ರ ಖಿನ್ನತೆಗೆ ಇದು ಇಂದಿಗೂ ಪರಿಣಾಮಕಾರಿ. ಆದರೆ ಆರಂಭದಲ್ಲಿ ಅರಿವಳಿಕೆ ಇರಲಿಲ್ಲ. ಸೆಳವಿನ ರಭಸಕ್ಕೆ ಮೂಳೆ ಮುರಿದವರಿದ್ದರು. ಅರಿವಳಿಕೆಯಿಲ್ಲದೆ ಕೊಡುವುದನ್ನು ಭಾರತ ನಿಷೇಧಿಸಿದ್ದು 2017ರ ಕಾಯಿದೆಯಲ್ಲಿ.