ಅಂಧರೂ ಕಾಣುವವರೂ ಒಟ್ಟಿಗೆ ಆಡುವ ಕಂಪ್ಯೂಟರ್ ಆಟಗಳು: ಒಂದು ಮಾಹಿತಿ

ಅಣ್ಣ ಮೊಬೈಲ್ ಹಿಡಿದು ಆಡುತ್ತಾನೆ. ಕಣ್ಣು ಕಾಣದ ತಮ್ಮ ಪಕ್ಕದಲ್ಲಿ ಕುಳಿತು 'ಈಗ ಏನಾಯಿತು?' ಎಂದು ಕೇಳುತ್ತಾನೆ. ಎಷ್ಟೋ ಮನೆಗಳಲ್ಲಿ ಅಂಧ ಮಕ್ಕಳ ಆಟ ಇಲ್ಲಿಗೇ ಮುಗಿಯುತ್ತದೆ. ಆದರೆ ಪರದೆಯ ಮೇಲೆ ನಡೆಯುವುದೆಲ್ಲ ಕಿವಿಗೂ ತಲುಪುವಂತಿದ್ದರೆ ಇಬ್ಬರೂ ಸರಿಸಮನಾಗಿ ಆಡಬಹುದು. ಅಂತಹ ಆಟಗಳ ಬಗ್ಗೆ ಉಮರ್ಗಾ, ನಿಲಂಗಾ, ಉದಗೀರ ಭಾಗದ ಓದುಗರಿಗೆ ಇಲ್ಲಿ ಮಾಹಿತಿ ನೀಡಲಾಗಿದೆ.

ಎರಡು ಹಲಗೆ, ಒಂದೇ ಆಟ

ಕಂಪ್ಯೂಟರ್ ಬರುವ ಮೊದಲೇ ಚೆಸ್ ಈ ದಾರಿ ತೋರಿಸಿತ್ತು. ಅಂಧರು ಆಡುವಾಗ ಅನುಸರಿಸಬೇಕಾದ ಕ್ರಮವನ್ನು ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮಾವಳಿಯಲ್ಲಿಯೇ ಹೇಳಲಾಗಿದೆ. ಕಾಣುವವರಿಗೆ ಸಾಮಾನ್ಯ ಹಲಗೆ, ಅಂಧರಿಗೆ ಪ್ರತ್ಯೇಕ ಹಲಗೆ. ಅದರಲ್ಲಿ ಕಪ್ಪು ಮನೆಗಳು ತುಸು ಎತ್ತರವಾಗಿರುತ್ತವೆ, ಪ್ರತಿ ಮನೆಯಲ್ಲೂ ಕಾಯಿ ಸಿಕ್ಕಿಸಲು ರಂಧ್ರವಿರುತ್ತದೆ. ಕಪ್ಪು ಕಾಯಿಗಳಿಗೆ ಮುಟ್ಟಿದರೆ ತಿಳಿಯುವ ಗುರುತಿರುತ್ತದೆ. ಒಬ್ಬರು ನಡೆಯನ್ನು ಗಟ್ಟಿಯಾಗಿ ಹೇಳಬೇಕು, ಎದುರಾಳಿ ಅದನ್ನು ಮತ್ತೆ ಹೇಳಿ ತಮ್ಮ ಹಲಗೆಯಲ್ಲಿ ನಡೆಸಬೇಕು. ಕಾಲಂಗಳಿಗೆ ಅನ್ನಾ, ಬೆಲ್ಲಾ, ಸೀಸರ್, ಡೇವಿಡ್ ಮುಂತಾದ ಎಂಟು ಹೆಸರುಗಳಿವೆ. ಕನ್ನಡ, ಮರಾಠಿ, ಉರ್ದು ಬೆರೆತಿರುವ ನಮ್ಮ ಗಡಿಭಾಗದಲ್ಲಿಯೂ ಈ ಹೆಸರುಗಳಿಂದ ಗೊಂದಲವಿಲ್ಲದೆ ಆಡಬಹುದು.

ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಚೆಸ್‌ನಲ್ಲಿ ಚಿನ್ನದ ಪದಕ ಗೆದ್ದಿದ್ದಾರೆ.

ಮಾತನಾಡುವ ಚೆಸ್

ಮಹಾರಾಷ್ಟ್ರದವರೇ ಆದ ಅಂಧ ಚೆಸ್ ಆಟಗಾರ ಚಾರುದತ್ತ ಜಾಧವ್ 'ಟಾಕ್64' ಎಂಬ ಮಾತನಾಡುವ ಚೆಸ್ ತಂತ್ರಾಂಶ ರೂಪಿಸಿದರು. ಅಂತರ್ಜಾಲದಲ್ಲಿ ಉಚಿತವಾಗಿರುವ 'ಲಿಚೆಸ್'ನಲ್ಲಿಯೂ ಅಂಧರಿಗಾಗಿ ಪ್ರತ್ಯೇಕ ವಿಧಾನವಿದೆ. ನಡೆಯನ್ನು ಅಕ್ಷರ ಮತ್ತು ಅಂಕಿಗಳಲ್ಲಿ ಟೈಪ್ ಮಾಡಬೇಕು. ಎದುರಾಳಿಯ ನಡೆಯನ್ನು ಪರದೆ ಓದುವ ತಂತ್ರಾಂಶ ಹೇಳುತ್ತದೆ. ತಾವಾಗಿ ಹೇಳದ ಹೊರತು ಆಡುತ್ತಿರುವವರು ಅಂಧರೆಂದು ಎದುರಿನವರಿಗೆ ತಿಳಿಯುವುದಿಲ್ಲ. ಹಲಗೆಯ ಸ್ಥಿತಿಯನ್ನು ಕೇಳಿ ತಿಳಿಯಲು ಸಮಯ ಬೇಕಾಗುವುದರಿಂದ ಮೊದಲಿಗೆ ಹೆಚ್ಚು ಅವಧಿಯ ಆಟ ಆರಿಸಿಕೊಳ್ಳುವುದು ಒಳ್ಳೆಯದು.

ಹೊಡೆದಾಟ, ಕಾರ್ ರೇಸ್ ಕೂಡ

ವೇಗದ ಆಟಗಳು ಅಂಧರಿಗೆ ಆಗುವುದಿಲ್ಲ ಎಂಬುದು ತಪ್ಪು ಕಲ್ಪನೆ. ನೆದರ್ಲೆಂಡ್ಸ್‌ನ ಅಂಧ ಆಟಗಾರ ಸ್ವೆನ್ 2017ರಲ್ಲಿ ಸ್ಪೇನ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ 'ಸ್ಟ್ರೀಟ್ ಫೈಟರ್ 5' ಆಡಿ ಕಾಣುವ ಎದುರಾಳಿಯನ್ನು ಸೋಲಿಸಿದರು. ಆಗ ಅವರಿಗೆ ಆಟದ ಸಾಮಾನ್ಯ ಸದ್ದುಗಳೇ ಆಧಾರ. 2023ರಲ್ಲಿ ಬಂದ 'ಸ್ಟ್ರೀಟ್ ಫೈಟರ್ 6'ರಲ್ಲಿ ಎದುರಾಳಿ ಎಷ್ಟು ದೂರದಲ್ಲಿದ್ದಾನೆ, ಶಕ್ತಿ ಎಷ್ಟು ಉಳಿದಿದೆ ಎಂಬುದನ್ನು ತಿಳಿಸುವ ಸದ್ದುಗಳನ್ನು ಸೇರಿಸಲಾಗಿದೆ. ಅದೇ ವರ್ಷದ 'ಫೋರ್ಜಾ ಮೋಟಾರ್‌ಸ್ಪೋರ್ಟ್' ಕಾರ್ ರೇಸ್‌ನಲ್ಲಿ ಮುಂದಿನ ತಿರುವು, ರಸ್ತೆಯ ಅಂಚು, ವೇಗ ತಗ್ಗಿಸಬೇಕಾದ ಜಾಗ ಎಲ್ಲವೂ ಕಿವಿಗೆ ತಿಳಿಯುತ್ತದೆ. ಇದಕ್ಕೆ ಸಲಹೆ ನೀಡಿದವರು ಅಮೆರಿಕದ ಅಂಧ ಆಟಗಾರ ಬ್ರ್ಯಾಂಡನ್ ಕೋಲ್. ಆದರೆ ಇವು ದುಬಾರಿ ಯಂತ್ರ ಬೇಡುವ ಆಟಗಳು.

ಮನೆಯಲ್ಲಿ ಆರಂಭಿಸುವುದು ಹೇಗೆ?

* ಆಂಡ್ರಾಯ್ಡ್ ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ 'ಟಾಕ್‌ಬ್ಯಾಕ್' ಚಾಲೂ ಮಾಡಿದರೆ ಅದು ಪರದೆಯನ್ನು ಓದಿ ಹೇಳುತ್ತದೆ. ಕನ್ನಡ, ಮರಾಠಿ ಎರಡೂ ಧ್ವನಿಗಳು ಲಭ್ಯ.
* ಕಂಪ್ಯೂಟರ್‌ಗೆ 'ಎನ್‌ವಿಡಿಎ' ಉಚಿತ ತಂತ್ರಾಂಶವಿದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಇದರ ಕೆಲಸ ಆರಂಭವಾಯಿತು.
* ಎಡ, ಬಲ ಬೇರೆಬೇರೆಯಾಗಿ ಕೇಳಿಸುವ ಹೆಡ್‌ಫೋನ್ ಇರಲಿ. ಸದ್ದು ಯಾವ ಕಡೆಯಿಂದ ಬಂತು ಎಂಬುದೇ ಇಂತಹ ಆಟಗಳಲ್ಲಿ ದಾರಿ ತೋರಿಸುತ್ತದೆ.

ತೊಡಕು ಎಲ್ಲಿದೆ?

ಮೊಬೈಲ್‌ನ ಬಹುತೇಕ ಆಟಗಳಲ್ಲಿ ಗುಂಡಿಗಳು ಬರೀ ಚಿತ್ರಗಳಾಗಿರುತ್ತವೆ. ಅವುಗಳಿಗೆ ಹೆಸರು ಕೊಟ್ಟಿರದಿದ್ದರೆ ಟಾಕ್‌ಬ್ಯಾಕ್‌ಗೆ ಓದಲು ಏನೂ ಇರುವುದಿಲ್ಲ. ಇಲ್ಲಿ ಕೊರತೆ ಆಡುವ ಮಗುವಿನದಲ್ಲ, ಆಟ ತಯಾರಿಸಿದವರದು.

ಮನೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 'ಪಾಪ, ಕಾಣಿಸುವುದಿಲ್ಲ' ಎಂದು ಬೇಕೆಂದೇ ಸೋಲಬಾರದು. ಹಾಗೆ ಬಿಟ್ಟುಕೊಟ್ಟ ಗೆಲುವು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಚೆಸ್ ಹಲಗೆಯ ಮುಂದೆ ತಮ್ಮ ನಿಜವಾಗಿ ಸೋಲಲಿ, ಮರುದಿನ ಅಣ್ಣನನ್ನು ನಿಜವಾಗಿ ಸೋಲಿಸಲಿ.