ದಣಿವಿನ ಕಾಯಿಲೆಗೆ ವೈರಸ್ ಸಿಕ್ಕಿತ್ತೇ? ಜೂಡಿ ಮೈಕೋವಿಟ್ಸ್ ಸಂಶೋಧನೆಯಲ್ಲಿ ನಿಜವಾಗಿ ನಡೆದದ್ದೇನು

ಸತ್ಯ ಹೇಳಿದ ವಿಜ್ಞಾನಿಯ ಬಾಯಿ ಮುಚ್ಚಿಸಿದರು, ಡಿಲೀಟ್ ಆಗುವ ಮುಂಚೆ ನೋಡಿ ಎಂಬ ಧಾಟಿಯ ವಿಡಿಯೊಗಳು ನಮ್ಮೆಲ್ಲರ ಫೋನಿಗೂ ಬರುತ್ತವೆ. ಆ ಸಾಲಿನಲ್ಲಿ ಜಗತ್ತಿನಾದ್ಯಂತ ಹರಿದಾಡಿದ್ದು ‘ಪ್ಲ್ಯಾಂಡೆಮಿಕ್’. 2020ರ ಮೇ ತಿಂಗಳಲ್ಲಿ, ಜನ ಕೋವಿಡ್ ಭಯದಲ್ಲಿ ಮನೆಯೊಳಗೆ ಕೂತಿದ್ದಾಗ ಬಂದ 26 ನಿಮಿಷಗಳ ಅಮೆರಿಕನ್ ವಿಡಿಯೊ ಇದು. ಫೇಸ್‌ಬುಕ್, ಯೂಟ್ಯೂಬ್ ಅದನ್ನು ತೆಗೆದುಹಾಕುವಷ್ಟರಲ್ಲಿ ಲಕ್ಷಾಂತರ ಜನ ನೋಡಿಯಾಗಿತ್ತು. ಅದರಲ್ಲಿ ಮಾತನಾಡಿದ್ದು ಡಾ. ಜೂಡಿ ಮೈಕೋವಿಟ್ಸ್ ಎಂಬ ಜೀವವೈದ್ಯಕೀಯ ಸಂಶೋಧಕಿ.

ಅವರ ಪಿಎಚ್‌ಡಿ ನಕಲಿಯಲ್ಲ. ‘ಸೈನ್ಸ್’ನಂಥ ದೊಡ್ಡ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂದಿದ್ದೂ ನಿಜ. ಅದಕ್ಕೇ ಅನೇಕರು ನಂಬಿದರು. ಹಾಗಾದರೆ ಆ ಪ್ರಬಂಧ ಏನು ಹೇಳಿತ್ತು, ಅದಕ್ಕೆ ಏನಾಯಿತು?

ಚುಟುಕಾಗಿ ಹೇಳುವುದಾದರೆ

• ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಎಂಬ ದೀರ್ಘಕಾಲದ ದಣಿವಿನ ಕಾಯಿಲೆ ನಿಜವಾದ ಕಾಯಿಲೆ.
• ಅದಕ್ಕೆ ಎಕ್ಸ್‌ಎಂಆರ್‌ವಿ ಎಂಬ ವೈರಸ್‌ನ ನಂಟಿದೆ ಎಂಬ 2009ರ ಸಂಶೋಧನೆ ತಪ್ಪಾಗಿತ್ತು.
• ಅದನ್ನು ಯಾರೂ ಮುಚ್ಚಿಡಲಿಲ್ಲ. ಹಲವು ಲ್ಯಾಬ್‌ಗಳು ಪರೀಕ್ಷಿಸಿ ನೋಡಿದವು. ಕೊನೆಯ ದೊಡ್ಡ ಪರೀಕ್ಷೆಯಲ್ಲಿ ಮೈಕೋವಿಟ್ಸ್ ಅವರೂ ಪಾಲ್ಗೊಂಡಿದ್ದರು.

ಯಾವುದು ಈ ಕಾಯಿಲೆ?

ವೈದ್ಯರು ಇದನ್ನು ಎಂಇ/ಸಿಎಫ್‌ಎಸ್ ಎಂದು ಕರೆಯುತ್ತಾರೆ. ದಿನವಿಡೀ ದುಡಿದಾಗ ಆಗುವ ಸುಸ್ತಿಗೂ ಇದಕ್ಕೂ ಸಂಬಂಧವಿಲ್ಲ. ಮುಂಚೆ ಸಲೀಸಾಗಿ ಮಾಡುತ್ತಿದ್ದ ಕೆಲಸ ಆರು ತಿಂಗಳಿಗೂ ಹೆಚ್ಚು ಕಾಲ ಮಾಡಲಾಗದ ಸ್ಥಿತಿ, ಎಷ್ಟು ಮಲಗಿದರೂ ಹೋಗದ ಆಯಾಸ, ಸ್ವಲ್ಪ ಶ್ರಮಪಟ್ಟರೂ ಮಾರನೇ ದಿನ ಹಾಸಿಗೆ ಹಿಡಿಯುವಂತಾಗುವುದು ಇದರ ಮುಖ್ಯ ಲಕ್ಷಣಗಳು. ಜೊತೆಗೆ ಮರೆವು, ಗಮನ ನಿಲ್ಲದಿರುವುದು, ಎದ್ದು ನಿಂತರೆ ತಲೆ ಸುತ್ತುವುದು ಇರಬಹುದು. ಅಮೆರಿಕದಲ್ಲೇ 8.36 ಲಕ್ಷದಿಂದ 25 ಲಕ್ಷ ಜನರಿಗೆ ಇದು ಇದೆ ಎಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ವರದಿಯಲ್ಲಿ ಅಂದಾಜಿಸಿತು.

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ರಿಪೋರ್ಟ್ ಎಲ್ಲ ನಾರ್ಮಲ್ ಬರುತ್ತದೆ, ಮನುಷ್ಯ ಮಾತ್ರ ಏಳಲಾರ. ಹಾಗಾಗಿ ರೋಗಿಗಳು ದಶಕಗಳ ಕಾಲ ಕೇಳಿದ್ದು ಒಂದೇ ಮಾತು: ‘ನಿಮಗೇನೂ ಆಗಿಲ್ಲ, ಎಲ್ಲ ಮನಸ್ಸಿನದ್ದು.’ ಇಂಥವರಿಗೆ ಒಂದು ದಿನ ‘ಕಾರಣ ಸಿಕ್ಕಿತು’ ಎಂಬ ಸುದ್ದಿ ಬಂದರೆ ಹೇಗಾಗಬೇಡ?

2009ರಲ್ಲಿ ಬಂದ ಸುದ್ದಿ

ಮೈಕೋವಿಟ್ಸ್ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಹಲವು ವರ್ಷ ಕೆಲಸ ಮಾಡಿದವರು. ನಂತರ ನೆವಾಡಾ ರಾಜ್ಯದ ರೀನೊ ನಗರದ ವಿಟ್ಟಮೋರ್ ಪೀಟರ್ಸನ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಂಶೋಧನಾ ನಿರ್ದೇಶಕಿಯಾದರು. ಮಗಳಿಗೆ ಈ ಕಾಯಿಲೆ ಇದ್ದ ದಂಪತಿ ಕಟ್ಟಿದ ಸಂಸ್ಥೆ ಅದು.

2009ರ ಅಕ್ಟೋಬರ್‌ನಲ್ಲಿ ಅವರ ತಂಡದ ಪ್ರಬಂಧ ‘ಸೈನ್ಸ್’ನಲ್ಲಿ ಪ್ರಕಟವಾಯಿತು. 101 ರೋಗಿಗಳ ಪೈಕಿ 68 ಜನರ ರಕ್ತದಲ್ಲಿ, ಅಂದರೆ ಶೇ 67ರಷ್ಟು ಜನರಲ್ಲಿ ಎಕ್ಸ್‌ಎಂಆರ್‌ವಿ ಸಿಕ್ಕಿದೆ. 218 ಆರೋಗ್ಯವಂತರಲ್ಲಿ ಸಿಕ್ಕಿದ್ದು 8 ಜನರಲ್ಲಿ ಮಾತ್ರ ಎಂದು ಅದು ಹೇಳಿತು. ಇಲಿಗಳ ವೈರಸ್ ಕುಟುಂಬಕ್ಕೆ ಸೇರಿದ ಈ ವೈರಸ್ಸನ್ನು 2006ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಗೆಡ್ಡೆಗಳಲ್ಲಿ ಕಂಡೆವು ಎಂದು ಬೇರೊಂದು ತಂಡ ವರದಿ ಮಾಡಿತ್ತು.

ಪರಿಣಾಮ ದೊಡ್ಡದಾಯಿತು. ರೀನೊದ ಒಂದು ಖಾಸಗಿ ಲ್ಯಾಬ್ ನೂರಾರು ಡಾಲರ್‌ಗೆ ಈ ವೈರಸ್‌ನ ಪರೀಕ್ಷೆ ಮಾರಿತು. ಕೆಲವು ರೋಗಿಗಳು ಎಚ್‌ಐವಿಗೆ ಕೊಡುವ ಔಷಧಗಳನ್ನು ನುಂಗಿದರು. 2010ರಲ್ಲಿ ಕೆನಡಾ ಸೇರಿದಂತೆ ಕೆಲವು ದೇಶಗಳು ಈ ಕಾಯಿಲೆ ಇದ್ದವರಿಂದ ರಕ್ತದಾನ ಪಡೆಯುವುದನ್ನು ನಿಲ್ಲಿಸಿದವು.

ಬೇರೆ ಲ್ಯಾಬ್‌ಗಳಲ್ಲಿ ಯಾಕೆ ಸಿಗಲಿಲ್ಲ?

2010ರ ಜನವರಿಯಲ್ಲೇ ಲಂಡನ್ನಿನ ತಂಡವೊಂದು 186 ರೋಗಿಗಳ ರಕ್ತ ಪರೀಕ್ಷಿಸಿತು. ಒಬ್ಬರಲ್ಲೂ ಈ ವೈರಸ್ ಇರಲಿಲ್ಲ. ಬೇರೆ ದೇಶಗಳ ಲ್ಯಾಬ್‌ಗಳಿಂದಲೂ ಅಂಥದೇ ಫಲಿತಾಂಶ ಬರತೊಡಗಿತು.

ಇಲ್ಲಿ ಅಡುಗೆಮನೆಯ ಉದಾಹರಣೆ ಸಾಕು. ಹಸಿಮೆಣಸಿನಕಾಯಿ ಹೆಚ್ಚಿದ ಚಾಕುವನ್ನು ತೊಳೆಯದೆ ಸೇಬು ಕತ್ತರಿಸಿದರೆ ಸೇಬು ಖಾರವಾಗುತ್ತದೆ. ಆ ಖಾರ ಸೇಬಿನದ್ದಲ್ಲ, ಚಾಕುವಿನದ್ದು. ವೈರಸ್ ಹುಡುಕಲು ಬಳಸುವ ಪಿಸಿಆರ್ ಪರೀಕ್ಷೆ ಬಹಳ ಸೂಕ್ಷ್ಮ. ಕಣ್ಣಿಗೆ ಕಾಣದಷ್ಟು ಡಿಎನ್‌ಎ ಇದ್ದರೂ ಅದನ್ನು ಕೋಟಿಗಟ್ಟಲೆ ಪ್ರತಿ ಮಾಡಿ ತೋರಿಸುತ್ತದೆ. ಆದರೆ ಅದು ರೋಗಿಯ ರಕ್ತದಿಂದ ಬಂತೋ, ಲ್ಯಾಬಿನ ಉಪಕರಣ ಅಥವಾ ರಾಸಾಯನಿಕದಿಂದ ಬಂತೋ ಎಂದು ಹೇಳುವುದಿಲ್ಲ.

ವೈರಸ್ ಹುಟ್ಟಿದ್ದೆಲ್ಲಿ ಎಂಬುದನ್ನು 2011ರಲ್ಲಿ ವಿನಯ್ ಪಾಠಕ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. 1990ರ ದಶಕದಲ್ಲಿ ಒಬ್ಬ ರೋಗಿಯ ಪ್ರಾಸ್ಟೇಟ್ ಗೆಡ್ಡೆಯನ್ನು ಸಂಶೋಧನೆಗಾಗಿ ಇಲಿಗಳಲ್ಲಿ ಬೆಳೆಸಲಾಗಿತ್ತು. ಆಗ ಇಲಿಗಳ ಡಿಎನ್‌ಎಯಲ್ಲೇ ಇದ್ದ ಎರಡು ವೈರಸ್‌ಗಳ ಭಾಗಗಳು ಬೆರೆತು ಎಕ್ಸ್‌ಎಂಆರ್‌ವಿ ಹುಟ್ಟಿತು. ಆ ಗೆಡ್ಡೆಯಿಂದ ತಯಾರಾದ ಜೀವಕೋಶಗಳ ಜೊತೆಗೆ ಅದೂ ಲ್ಯಾಬ್‌ನಿಂದ ಲ್ಯಾಬ್‌ಗೆ ಸಾಗಿತು.

ಈಗ ವರ್ಷಗಳನ್ನು ಹೋಲಿಸಿ ನೋಡಿ. ಅಮೆರಿಕದಲ್ಲಿ ಈ ದಣಿವಿನ ಕಾಯಿಲೆ ದೊಡ್ಡ ಸುದ್ದಿಯಾದದ್ದು ನೆವಾಡಾದ ಇನ್‌ಕ್ಲೈನ್ ವಿಲೇಜ್‌ನಲ್ಲಿ, 1984–85ರಲ್ಲಿ. ಲ್ಯಾಬಿನ ಇಲಿಯಲ್ಲಿ 1990ರ ದಶಕದಲ್ಲಿ ಹುಟ್ಟಿದ ವೈರಸ್ 1984ರಲ್ಲಿ ಯಾರನ್ನು ಮಲಗಿಸೀತು?

ಪ್ರಬಂಧವನ್ನು ವಾಪಸ್ ಪಡೆದದ್ದು ಯಾರು?

ವಿಡಿಯೊ ನೋಡಿದವರಿಗೆ ಇದು ಸಂಚು ಎನಿಸಬಹುದು. ನಡೆದದ್ದು ಇಷ್ಟು:

• 2011ರ ಸೆಪ್ಟೆಂಬರ್: ಒಂಬತ್ತು ಲ್ಯಾಬ್‌ಗಳಿಗೆ ಯಾರ ರಕ್ತ ಎಂದು ತಿಳಿಸದೆ ಮಾದರಿಗಳನ್ನು ಕೊಡಲಾಯಿತು. ಮೈಕೋವಿಟ್ಸ್ ಅವರ ಸಂಸ್ಥೆಯೂ ಅದರಲ್ಲಿತ್ತು. ಯಾವ ಲ್ಯಾಬ್‌ಗೂ ರೋಗಿಗಳನ್ನೂ ಆರೋಗ್ಯವಂತರನ್ನೂ ಈ ವೈರಸ್ ಆಧಾರದಲ್ಲಿ ಬೇರ್ಪಡಿಸಲು ಆಗಲಿಲ್ಲ.
• ಅದೇ ತಿಂಗಳು: ಪ್ರಬಂಧದ ಸಹಲೇಖಕ ರಾಬರ್ಟ್ ಸಿಲ್ವರ್‌ಮನ್, ತಾವು ಪರೀಕ್ಷಿಸಿದ್ದ ಮಾದರಿಗಳಲ್ಲಿ ಲ್ಯಾಬಿನ ಡಿಎನ್‌ಎ ಬೆರೆತಿತ್ತು ಎಂದು ಒಪ್ಪಿ ತಮ್ಮ ಭಾಗವನ್ನು ಹಿಂತೆಗೆದುಕೊಂಡರು.
• 2011ರ ಡಿಸೆಂಬರ್: ‘ಸೈನ್ಸ್’ ಇಡೀ ಪ್ರಬಂಧವನ್ನು ವಾಪಸ್ ಪಡೆಯಿತು.
• 2012ರ ಸೆಪ್ಟೆಂಬರ್: ಕೊಲಂಬಿಯಾ ವಿಶ್ವವಿದ್ಯಾಲಯದ ಇಯಾನ್ ಲಿಪ್‌ಕಿನ್ ನೇತೃತ್ವದಲ್ಲಿ 147 ರೋಗಿಗಳು, 146 ಆರೋಗ್ಯವಂತರ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ವೈರಸ್ ಇದೆ ಎಂದವರೇ ಹೊಸದಾಗಿ ಪರೀಕ್ಷೆ ಮಾಡಿದ್ದರು. ಎಲ್ಲೂ ಸಿಗಲಿಲ್ಲ. ಈ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಮೈಕೋವಿಟ್ಸ್ ಹೆಸರೂ ಇದೆ.

ಬಂಧನದ ವಿಚಾರ? 2011ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ಅವರನ್ನು ಕೆಲಸದಿಂದ ತೆಗೆಯಿತು. ನೋಟ್‌ಬುಕ್ ಮತ್ತು ಕಂಪ್ಯೂಟರ್ ಡೇಟಾ ತೆಗೆದುಕೊಂಡು ಹೋದ ಆರೋಪದಲ್ಲಿ ನವೆಂಬರ್‌ನಲ್ಲಿ ಅವರ ಬಂಧನವಾಯಿತು. 2012ರಲ್ಲಿ ಆ ಕ್ರಿಮಿನಲ್ ಕೇಸನ್ನು ಕೈಬಿಡಲಾಯಿತು. ಜಗಳ ಇದ್ದದ್ದು ಅವರ ಮತ್ತು ಅವರ ಸಂಸ್ಥೆಯ ನಡುವೆ. ವೈರಸ್ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಲ್ಯಾಬ್‌ಗಳು, ಪೊಲೀಸರಲ್ಲ.

ವಿಡಿಯೊದ ಎರಡು ಹೇಳಿಕೆಗಳು

ಹೇಳಿಕೆ: ಮಾಸ್ಕ್ ಹಾಕಿದರೆ ನಮ್ಮೊಳಗಿನ ವೈರಸ್ಸೇ ಚುರುಕಾಗುತ್ತದೆ.
ವಾಸ್ತವ: ಇದಕ್ಕೆ ಆಧಾರವಿಲ್ಲ. ಸೋಂಕು ಇಲ್ಲದವರು ಮಾಸ್ಕ್ ಹಾಕಿದ ಮಾತ್ರಕ್ಕೆ ಅವರೊಳಗೆ ವೈರಸ್ ಹುಟ್ಟಿಕೊಳ್ಳುವುದಿಲ್ಲ.

ಹೇಳಿಕೆ: ಫ್ಲೂ ಲಸಿಕೆ ಪಡೆದರೆ ಕೊರೊನಾ ಅಪಾಯ ಶೇ 36ರಷ್ಟು ಹೆಚ್ಚು.
ವಾಸ್ತವ: ಇದಕ್ಕೆ ಬಳಸಿದ್ದು ಅಮೆರಿಕದ ರಕ್ಷಣಾ ಸಿಬ್ಬಂದಿಯ 2017–18ರ ಅಂಕಿಅಂಶ. ಆಗ ಕೋವಿಡ್ ಇರಲೇ ಇಲ್ಲ. ಅಲ್ಲಿನ ‘ಕೊರೊನಾ’ ಎಂದರೆ ಸಾಮಾನ್ಯ ನೆಗಡಿ ತರುವ ಹಳೆಯ ಕೊರೊನಾ ವೈರಸ್‌ಗಳು.

ಹಾಗಾದರೆ ಸೋಂಕಿಗೂ ದಣಿವಿಗೂ ನಂಟೇ ಇಲ್ಲವೇ?

ಇದೆ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತಮುತ್ತ ಆಂಡ್ರೂ ಲಾಯ್ಡ್ ಮತ್ತು ಸಂಗಡಿಗರು 253 ಜನರನ್ನು ಸೋಂಕು ತಗುಲಿದಾಗಿನಿಂದಲೇ ಗಮನಿಸುತ್ತ ಹೋದರು. ಸೋಂಕುಗಳು ಮೂರು ಬಗೆಯವು: ಗ್ರಂಥಿ ಜ್ವರ ತರುವ ಎಪ್‌ಸ್ಟೀನ್‌ಬಾರ್ ವೈರಸ್, ದನ-ಕುರಿ-ಮೇಕೆಗಳಿಂದ ಹರಡುವ ಕ್ಯೂ ಜ್ವರದ ಬ್ಯಾಕ್ಟೀರಿಯಾ ಮತ್ತು ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್. ಕೊನೆಯದು ನಮ್ಮೂರಿನವರಿಗೆ ಗೊತ್ತಿರುವ ಚಿಕುನ್‌ಗುನ್ಯಾ ವೈರಸ್‌ನ ಹತ್ತಿರದ ನೆಂಟ.

2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ತಿಂಗಳ ನಂತರ 28 ಜನರಲ್ಲಿ, ಅಂದರೆ ಶೇ 11ರಷ್ಟು ಜನರಲ್ಲಿ ಕ್ರಾನಿಕ್ ಫೆಟೀಗ್ ಸಿಂಡ್ರೋಮ್‌ನ ಲಕ್ಷಣಗಳಿದ್ದವು. ಮೂರೂ ಸೋಂಕುಗಳ ನಂತರ ಹೀಗಾಗಿತ್ತು. ಯಾರಿಗೆ ಹೀಗಾಗುತ್ತದೆ ಎಂಬುದನ್ನು ಹೆಚ್ಚಾಗಿ ಸೂಚಿಸಿದ್ದು ಮೊದಲ ಜ್ವರ ಎಷ್ಟು ಜೋರಾಗಿತ್ತು ಎಂಬ ಅಂಶ. ವಯಸ್ಸು, ಮನಸ್ಸಿನ ಸ್ವಭಾವ, ಯಾವ ರೋಗಾಣು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಕೋವಿಡ್ ನಂತರವೂ ಕೆಲವರಲ್ಲಿ ಇಂಥದೇ ದಣಿವು ಕಂಡಿದೆ.

ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ

ಜ್ವರ ಬಿಟ್ಟು ವಾರಗಳಾದರೂ ಸುಸ್ತು ಹೋಗದಿದ್ದರೆ ವೈದ್ಯರನ್ನು ನೋಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇವೂ ಹೀಗೇ ಸುಸ್ತು ತರುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಸ್ವಲ್ಪ ಓಡಾಡಿದರೂ ಮರುದಿನ ಕುಸಿಯುವವರನ್ನು ‘ವ್ಯಾಯಾಮ ಮಾಡು, ಸರಿಹೋಗುತ್ತೆ’ ಎಂದು ಒತ್ತಾಯಿಸಬೇಡಿ. ವ್ಯಾಯಾಮವನ್ನು ದಿನದಿನಕ್ಕೆ ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಎಂಇ/ಸಿಎಫ್‌ಎಸ್ ಇರುವವರಿಗೆ ಕೊಡಬಾರದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ದೇಹಕ್ಕೆ ಆಗುವಷ್ಟೇ ಕೆಲಸ, ನಡುನಡುವೆ ವಿಶ್ರಾಂತಿ ಎಂಬುದು ಈಗಿನ ಸಲಹೆ. ಎಲ್ಲಕ್ಕಿಂತ ಮೊದಲು, ಅವರನ್ನು ಸೋಮಾರಿ ಎನ್ನಬೇಡಿ.

ಫಾರ್ವರ್ಡ್ ಮಾಡುವ ಮುನ್ನ

‘ದೊಡ್ಡ ವಿಜ್ಞಾನಿ ಹೇಳಿದ್ದಾರೆ’ ಎಂಬ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ. ಆ ಸಂಶೋಧನೆ ಈಗಲೂ ಮಾನ್ಯವೇ, ವಾಪಸ್ ಪಡೆದದ್ದೇ? ಬೇರೆ ಲ್ಯಾಬ್‌ಗಳಿಗೂ ಅದೇ ಫಲಿತಾಂಶ ಬಂತೇ? ಅವರು ಈಗ ಹೇಳುತ್ತಿರುವುದು ತಾವೇ ಪರೀಕ್ಷಿಸಿದ ವಿಷಯವೇ?

2009ರ ಸುದ್ದಿಯನ್ನು ನಂಬಿದ ರೋಗಿಗಳು ದಡ್ಡರಾಗಿರಲಿಲ್ಲ. ಬಹಳ ಕಾಲ ಯಾರೂ ಅವರ ಮಾತು ಕೇಳಿರಲಿಲ್ಲ, ಅಷ್ಟೆ. ತಪ್ಪು ಸುದ್ದಿಯಿಂದ ಹಣ ಹೋದದ್ದು, ಬೇಡದ ಮಾತ್ರೆ ನುಂಗಿದ್ದು ಅವರೇ. ನಾವು ಒತ್ತುವ ಫಾರ್ವರ್ಡ್ ಬಟನ್ನಿನ ಆ ತುದಿಯಲ್ಲೂ ಅಂಥವರೊಬ್ಬರು ಇರಬಹುದು.